ಬೆಳಗಾವಿಯಿಂದ ಘಟ್ಟ ಇಳಿಯುವ ಬಸ್ಸುಗಳು: ಚೋರ್ಲಾ, ಅನಮೋಡ, ಅಂಬೋಲಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿಯಿಂದ ಬಸ್ಸಿನಲ್ಲಿ ಘಟ್ಟ ಇಳಿಯಲು ಎಷ್ಟು ದಾರಿಗಳಿವೆ?

ಬಸ್ಸು ನಂಬಿ ಹೊರಡಬಹುದಾದ ದಾರಿ ಮೂರು.

ಮೊದಲನೆಯದು ಚೋರ್ಲಾ ಘಾಟ್. ಪಿರನವಾಡಿ, ಕಿಣಯೆ, ಕುಸಮಳ್ಳಿ, ಜಾಂಬೋಟಿ, ಕಣಕುಂಬಿ, ಚೋರ್ಲಾ ದಾಟಿ ಗೋವಾದ ಕೇರಿ, ಸಾಖಳಿ ಮೇಲೆ ಪಣಜಿ ಅಥವಾ ಮಾಪ್ಸಾ. ಪಣಜಿಗೆ ಸುಮಾರು 110 ಕಿ.ಮೀ.; ಬಸ್ಸಿಗೆ ಮೂರೂವರೆಯಿಂದ ನಾಲ್ಕು ತಾಸು.

ಎರಡನೆಯದು ಅನಮೋಡ ಘಾಟ್. ಖಾನಾಪುರ, ಲೋಂಡಾ, ರಾಮನಗರ, ಅನಮೋಡ, ಮೊಲೆಮ್, ಫೋಂಡಾ ಮಾರ್ಗವಾಗಿ ಪಣಜಿ. ಇದು ಹಳೆಯ 4ಎ ರಾಷ್ಟ್ರೀಯ ಹೆದ್ದಾರಿ, ಈಗಿನ ಸಂಖ್ಯೆ 748. ಚೋರ್ಲಾಕ್ಕಿಂತ ನಲವತ್ತು ಕಿ.ಮೀ.ನಷ್ಟು ಸುತ್ತು.

ಮೂರನೆಯದು ಅಂಬೋಲಿ. ಹಿಂಡಲಗಾ, ಶಿನೋಳಿ, ಚಂದಗಡ ತಾಲೂಕಿನ ಪಾಟಣೆ ಫಾಟಾ, ಕಾನೂರು ದಾಟಿ ಅಂಬೋಲಿ. ಅಲ್ಲಿಂದ ಘಟ್ಟ ಇಳಿದರೆ ಸಾವಂತವಾಡಿ. ಇದು ವೆಂಗುರ್ಲಾ ಬಂದರಿಗೆ ಹೋಗುವ ಹಳೆಯ ದಾರಿ. ಸಾವಂತವಾಡಿಗೆ ನೂರು ಕಿ.ಮೀ. ಒಳಗೇ.

ತಿಲಾರಿ ಘಾಟ್ ಎಂಬ ನಾಲ್ಕನೆಯದೂ ಇದೆ. ಏರು ತೀರಾ ಕಡಿದು, ತಿರುವು ತೀರಾ ಬಿಗಿ. ಬಸ್ಸಿಗಾಗಿ ಕಾಯುವವರು ಅದನ್ನು ಲೆಕ್ಕಕ್ಕೆ ಹಿಡಿಯದಿರುವುದು ಒಳ್ಳೆಯದು.

ಮೊದಲ ಸಲ ಹೋಗುವವರು ಯಾವುದನ್ನು ಆರಿಸಬೇಕು?

ಚೋರ್ಲಾ. ಮೂರರಲ್ಲಿ ಹೆಚ್ಚು ದಟ್ಟವಾದ ಕಾಡು ಅನಮೋಡದ್ದು, ಹೆಚ್ಚು ಮಳೆ ಅಂಬೋಲಿಯದ್ದು. ಆದರೆ ಬಯಲು, ಮಲೆನಾಡು, ಘಟ್ಟದ ತುದಿ, ಕೊಂಕಣದ ತಗ್ಗು ಇವೆಲ್ಲ ಎರಡೂವರೆ ತಾಸಿನೊಳಗೆ ಒಂದರ ಹಿಂದೊಂದು ಕಾಣಸಿಗುವುದು ಚೋರ್ಲಾ ದಾರಿಯಲ್ಲಿ ಮಾತ್ರ. ಅನಮೋಡದಲ್ಲಿ ಮರಗಳು ರಸ್ತೆಯ ಮೇಲೆ ಕೂಡಿಕೊಂಡು ನೋಟವನ್ನು ಮುಚ್ಚುತ್ತವೆ, ಜೊತೆಗೆ ಲಾರಿಗಳ ಸಾಲು. ಅಂಬೋಲಿ ದಾರಿಯಲ್ಲಿ ಚಂದಗಡದ ತನಕ ಹೊಲ, ಗೋಡಂಬಿ ತೋಟಗಳೇ ಜಾಸ್ತಿ. ಚಂದವೆಲ್ಲ ಕೊನೆಯ ಒಂದು ತಾಸಿನಲ್ಲಿದೆ.

ಚೋರ್ಲಾ ದಾರಿಯಲ್ಲಿ ಯಾವ ಜಾಗದಲ್ಲಿ ಏನು ಕಾಣುತ್ತದೆ?

ಪಿರನವಾಡಿಯಲ್ಲಿ ಖಾನಾಪುರ ರಸ್ತೆ ಬಿಟ್ಟು ಬಸ್ಸು ಬಲಕ್ಕೆ ಹೊರಳುತ್ತದೆ. ಕಿಣಯೆ ಬರುವಷ್ಟರಲ್ಲಿ ಕಪ್ಪು ಮಣ್ಣು ಹಿಂದುಳಿದು ಕೆಮ್ಮಣ್ಣು ಶುರುವಾಗುತ್ತದೆ. ಜೋಳದ ಹೊಲ ಕಡಿಮೆಯಾಗಿ ಭತ್ತದ ಗದ್ದೆ ಹೆಚ್ಚುತ್ತವೆ. ಕುಸಮಳ್ಳಿಯ ಹತ್ತಿರ ಸೇತುವೆ ಬಂದಾಗ ಕಿಟಕಿಯಿಂದ ಕೆಳಗೆ ನೋಡಬೇಕು. ಅದು ಮಲಪ್ರಭೆ. ಪಟ್ಟದಕಲ್ಲು, ಐಹೊಳೆಯ ಪಕ್ಕದಲ್ಲಿ ಅಗಲವಾಗಿ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ನದಿ ಇಲ್ಲಿ ಇನ್ನೂ ಕಿರಿದು.

ಬೆಳಗಾವಿಯಿಂದ 30 ಕಿ.ಮೀ. ಆಸುಪಾಸು ಜಾಂಬೋಟಿ. ಇಲ್ಲಿಂದ ಕಾಡು ಎರಡೂ ಬದಿಗೆ ಹತ್ತಿಕೊಳ್ಳುತ್ತದೆ: ಮತ್ತಿ, ನೇರಳೆ, ಹೊನ್ನೆ, ನಡುವೆ ಬಿದಿರು. ಎಡಕ್ಕೆ ದಕ್ಷಿಣದಲ್ಲಿ ಹಬ್ಬಿರುವುದು 2011ರಲ್ಲಿ ಘೋಷಣೆಯಾದ ಭೀಮಗಡ ವನ್ಯಜೀವಿ ಧಾಮದ ಕಾಡುಗಳು. ಮಹದಾಯಿ ಹುಟ್ಟುವುದು ಈ ಖಾನಾಪುರ ತಾಲೂಕಿನ ಕಾಡಿನಲ್ಲೇ. ಒಂದೇ ಬೆಟ್ಟಸಾಲಿನ ನೀರು ಒಂದು ಕಡೆ ಮಲಪ್ರಭೆಯಾಗಿ ಪೂರ್ವಕ್ಕೆ, ಇನ್ನೊಂದು ಕಡೆ ಮಹದಾಯಿಯಾಗಿ ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ಕಳಸಾ-ಬಂಡೂರಿ ಎಂದು ವರ್ಷಗಟ್ಟಲೆ ಪತ್ರಿಕೆಯಲ್ಲಿ ಓದಿದವರು ಈ ನೆಲವನ್ನು ಒಮ್ಮೆ ಕಣ್ಣಾರೆ ನೋಡಲೇಬೇಕು. ಆ ಕಳಸಾ ಹಳ್ಳ ಇರುವುದು ಕಣಕುಂಬಿಯಲ್ಲಿ.

ಕಣಕುಂಬಿ ದಾಟಿದ ಮೇಲೆ ಮರಗಳು ಗಿಡ್ಡವಾಗಿ, ಹುಲ್ಲಿನ ಬೋಳುಗುಡ್ಡ, ಕರಿಬಂಡೆ ಕಾಣುತ್ತವೆ. ಕರ್ನಾಟಕ, ಗೋವಾ, ಮಹಾರಾಷ್ಟ್ರದ ಗಡಿ ಹತ್ತಿರ ಹತ್ತಿರ ಬರುವ ಜಾಗ ಚೋರ್ಲಾ. ಎತ್ತರ 800 ಮೀಟರ್ ಸುಮಾರು. ನಿಜವಾದ ಇಳಿಜಾರು ಇಲ್ಲಿಂದ ಕೇರಿಯ ತನಕ, ಹದಿನೈದು ಕಿ.ಮೀ. ಆಸುಪಾಸು. ಇಳಿಯುವಾಗ ತಗ್ಗಿನಲ್ಲಿ ಅಂಜುಣೆ ಜಲಾಶಯದ ನೀರು ಒಂದೆರಡು ತಿರುವುಗಳಲ್ಲಿ ಹೊಳೆಯುತ್ತದೆ. ಆ ಹೊತ್ತಿಗೆ ಮೊಬೈಲ್ ಜೇಬಿನಲ್ಲಿಟ್ಟು ಕಿಟಕಿಯ ಕಡೆ ಲಕ್ಷ್ಯ ಇಡಿ. ಕೇರಿಗೆ ಬಂದಾಗ ತೆಂಗು, ಅಡಿಕೆ, ಸೆಕೆ. ಸ್ವೆಟರ್ ತೆಗೆಯುವ ಜಾಗ ಅದು.

ಯಾವ ಬಸ್ಸು ಹತ್ತಬೇಕು? ಎ.ಸಿ. ಸ್ಲೀಪರ್ ಆರಾಮ ಅಲ್ಲವೇ?

ಮಲಗಿ ಗೋವಾ ಮುಟ್ಟುವುದಷ್ಟೇ ಬೇಕಿದ್ದರೆ ಆರಾಮವೇ. ಘಟ್ಟ ನೋಡಲಿಕ್ಕೆ ಅದು ಉಪಯೋಗಕ್ಕೆ ಬಾರದು. ಬೆಂಗಳೂರು ಕಡೆಯಿಂದ ಬರುವ ಸ್ಲೀಪರುಗಳು ಹೆಚ್ಚಾಗಿ ಕತ್ತಲಲ್ಲಿ ಅಥವಾ ನಸುಕಿನಲ್ಲಿ ಈ ಭಾಗ ದಾಟುತ್ತವೆ, ಗಾಜು ಕಪ್ಪು, ಮೇಲಿನ ಬರ್ತಿನಲ್ಲಿ ಓಲಾಟವೂ ಜೋರು.

ಹಗಲಿನ ಸಾದಾ ಸರ್ಕಾರಿ ಬಸ್ಸೇ ಇದಕ್ಕೆ ಸರಿ. ವಾಯವ್ಯ ಕರ್ನಾಟಕ ಸಾರಿಗೆಯದ್ದಾಗಲಿ, ಗೋವಾದ ಕದಂಬ ಸಾರಿಗೆಯದ್ದಾಗಲಿ, ಮಹಾರಾಷ್ಟ್ರದ ಎಸ್.ಟಿ.ಯದ್ದಾಗಲಿ ಆದೀತು. ಕಿಟಕಿ ಸರಿಸಿದರೆ ಗಾಳಿ ಬರುತ್ತದೆ, ಕಾಡಿನ ವಾಸನೆ ಬರುತ್ತದೆ. ಸೀಟು ಎತ್ತರ ಇರುವುದರಿಂದ ಕಾರಿನಲ್ಲಿ ಕಾಣದ ಕಣಿವೆಯೂ ರಸ್ತೆಬದಿಯ ತಡೆಗೋಡೆಯ ಮೇಲಿನಿಂದ ಕಾಣುತ್ತದೆ. ಸ್ವಂತ ಗಾಡಿಯಲ್ಲಿ ಹೋದರೆ ಓಡಿಸುವವನಿಗೆ ರಸ್ತೆ ಬಿಟ್ಟು ಬೇರೇನೂ ಕಾಣುವುದಿಲ್ಲ ಎಂಬುದನ್ನೂ ಮರೆಯಬೇಡಿ.

ಬೆಳಗಾವಿಯಿಂದ ಬೆಳಿಗ್ಗೆ ಏಳರಿಂದ ಒಂಬತ್ತರೊಳಗೆ ಹೊರಡುವ ಬಸ್ಸು ಉತ್ತಮ. ಅದಕ್ಕೂ ಮೊದಲು ಹೊರಟರೆ ಚಳಿಗಾಲದಲ್ಲಿ ಜಾಂಬೋಟಿಯಿಂದ ಚೋರ್ಲಾ ತನಕ ಮಂಜು ಮುಸುಕಿರುತ್ತದೆ. ಮಧ್ಯಾಹ್ನ ಮೂರರ ನಂತರ ಹೊರಟರೆ ಚಳಿಗಾಲದಲ್ಲಿ ಇಳಿಜಾರಿಗೆ ಬರುವಾಗ ಬೆಳಕು ಇಳಿದಿರುತ್ತದೆ.

ಬಸ್ಸು ಯಾವ ಘಟ್ಟದಲ್ಲಿ ಹೋಗುತ್ತದೆ ಎಂದು ತಿಳಿಯುವುದು ಹೇಗೆ?

ಬೆಳಗಾವಿಯ ಕೇಂದ್ರ ಬಸ್ ನಿಲ್ದಾಣ ಕೋಟೆಯ ಬಗಲಿಗಿದೆ. 'ಪಣಜಿ' ಎಂಬ ಬೋರ್ಡು ನೋಡಿ ಹತ್ತಿಬಿಡುವುದೇ ಎಲ್ಲರೂ ಮಾಡುವ ತಪ್ಪು. ಪಣಜಿಗೆ ಎರಡೂ ದಾರಿಯಿಂದ ಹೋಗಬಹುದು. ಬೋರ್ಡಿನ ಕೆಳಸಾಲಿನಲ್ಲಿ ಚೋರ್ಲಾ, ಸಾಖಳಿ ಎಂದಿದ್ದರೆ ಒಂದು. ರಾಮನಗರ, ಫೋಂಡಾ ಎಂದಿದ್ದರೆ ಇನ್ನೊಂದು. ಬೋರ್ಡು ಸಾಲದು, ಕಂಡಕ್ಟರನ್ನೂ ಕೇಳಿ. ರಸ್ತೆ ಕೆಟ್ಟಾಗ ಅಥವಾ ಮರ ಬಿದ್ದಾಗ ಅದೇ ದಿನ ಮಾರ್ಗ ಬದಲಾಗುತ್ತದೆ.

ವಾಯವ್ಯ ಸಾರಿಗೆಯ ಮುಂಗಡ ಬುಕ್ಕಿಂಗ್ ಕೆಎಸ್‌ಆರ್‌ಟಿಸಿ ಜಾಲತಾಣದಲ್ಲೇ ಆಗುತ್ತದೆ. ವಾರದ ನಡುವಿನ ದಿನ ಬುಕ್ ಮಾಡದೆಯೂ ಸೀಟು ಸಿಗುತ್ತದೆ. ಶನಿವಾರ ಬೆಳಿಗ್ಗೆ, ಭಾನುವಾರ ಸಂಜೆ, ಗಣೇಶ ಚೌತಿಯ ಹಿಂದುಮುಂದು ಹಾಗಲ್ಲ.

ಶಕ್ತಿ ಯೋಜನೆಯಲ್ಲಿ ಮಹಿಳೆಯರಿಗೆ ಗೋವಾ ತನಕ ಉಚಿತವೇ?

ಇಲ್ಲ. 2023ರ ಜೂನ್ 11ರಂದು ಶುರುವಾದ ಈ ಯೋಜನೆ ರಾಜ್ಯದೊಳಗೆ ಓಡುವ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಿಗೆ. ಅಂತರರಾಜ್ಯ ಬಸ್ಸಿಗೆ ಅನ್ವಯಿಸುವುದಿಲ್ಲ. ಪಣಜಿ ಬಸ್ಸು ಹತ್ತಿ ಜಾಂಬೋಟಿಯಲ್ಲೇ ಇಳಿಯುತ್ತೇನೆಂದರೂ ಟಿಕೆಟ್ ತೆಗೆಸಬೇಕು.

ಆದರೆ ಜಾಂಬೋಟಿ, ಕಣಕುಂಬಿ ಕಡೆಗೆ ಹೋಗುವ ಲೋಕಲ್ ಬಸ್ಸು ರಾಜ್ಯದೊಳಗಿನದು. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ತೋರಿಸಿದರೆ ಶೂನ್ಯ ಟಿಕೆಟ್. ಘಟ್ಟ ಇಳಿಯದಿದ್ದರೂ ಕಾಡಿನ ದೊಡ್ಡ ಪಾಲು ಕಣಕುಂಬಿಯೊಳಗೇ ಬರುತ್ತದೆ. ಮಹಿಳಾ ಮಂಡಳಗಳು ಒಂದು ದಿನದ ತಿರುಗಾಟಕ್ಕೆ ಹೀಗೆ ಹೋಗಿ ಬರುವುದು ಒಳ್ಳೆಯ ಉಪಾಯ.

ವಿಜಯಪುರ, ಬಾಗಲಕೋಟೆಯಿಂದ ಒಂದೇ ದಿನದಲ್ಲಿ ಹೋಗಿ ಬರಬಹುದೇ?

ಬೇಡ. ವಿಜಯಪುರದಿಂದ ಬೆಳಗಾವಿಗೆ ಹತ್ತಿರಹತ್ತಿರ 200 ಕಿ.ಮೀ., ಐದು ತಾಸು ಹಿಡಿಯಿರಿ. ಬಾಗಲಕೋಟೆಯಿಂದ ಲೋಕಾಪುರ, ಯರಗಟ್ಟಿ ಮೇಲೆ ನಾಲ್ಕು ತಾಸಿನ ಸುಮಾರು. ಅಷ್ಟು ಕುಳಿತು ದಣಿದ ಮೈ ಘಟ್ಟದ ತಿರುವುಗಳನ್ನು ತಡೆಯುವುದಿಲ್ಲ. ವಾಂತಿ ಮಾಡಿಕೊಳ್ಳುವವರಲ್ಲಿ ಹೀಗೆ ಬಂದವರೇ ಹೆಚ್ಚು. ಮೊದಲ ದಿನ ಸಂಜೆಯೊಳಗೆ ಬೆಳಗಾವಿ ಸೇರಿ, ಬಸ್‌ಸ್ಟ್ಯಾಂಡಿನ ಆಸುಪಾಸಿನ ಲಾಡ್ಜಿನಲ್ಲಿ ಉಳಿದು, ಮರುದಿನ ಬೆಳಿಗ್ಗೆ ಹೊರಡಿ.

ಎರೆಸೀಮೆಯಿಂದ ಬರುವವರಿಗೆ ಈ ದಾರಿಯಲ್ಲಿ ಕಾಣುವ ವ್ಯತ್ಯಾಸ ದೊಡ್ಡದು. ಮುಂಗಾರಿನ ಮೋಡ ಸಮುದ್ರದಿಂದ ಬಂದು ಸಹ್ಯಾದ್ರಿಗೆ ಹಾಯ್ದು, ಮೇಲೇರಿ, ತಣ್ಣಗಾಗಿ ಇಲ್ಲೇ ಸುರಿದುಬಿಡುತ್ತದೆ. ವಿಜಯಪುರದಲ್ಲಿ ವರ್ಷವಿಡೀ ಬೀಳುವುದು ಸುಮಾರು 600 ಮಿ.ಮೀ.; ಅಂಬೋಲಿಯಲ್ಲಿ ವರ್ಷದ ಮಳೆ 7,000 ಮಿ.ಮೀ. ಮೇಲೆ. ಹಾಗಿದ್ದೂ ಬಾಗಲಕೋಟೆ ಜಿಲ್ಲೆಯ ಕಬ್ಬಿಗೆ ನೀರು ಹೋಗುವುದು ಈ ಗುಡ್ಡಗಳಿಂದಲೇ. ಅಂಬೋಲಿಯಲ್ಲಿ ಹುಟ್ಟುವ ಹಿರಣ್ಯಕೇಶಿ ಘಟಪ್ರಭೆಗೆ ಸೇರುತ್ತದೆ, ಘಟಪ್ರಭೆ ಗೋಕಾಕದಲ್ಲಿ ಧುಮುಕಿ ಬಾಗಲಕೋಟೆ ಕಡೆ ಬರುತ್ತದೆ.

ಯಾವ ತಿಂಗಳು ಒಳ್ಳೆಯದು?

ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಮಧ್ಯದ ತನಕ. ಮಳೆ ತೆರಪು ಕೊಟ್ಟಿರುತ್ತದೆ, ಹಳ್ಳಗಳಲ್ಲಿ ನೀರು ಉಳಿದಿರುತ್ತದೆ, ಆಕಾಶ ತೊಳೆದಂತಿದ್ದು ದೂರದ ಗುಡ್ಡಗಳೂ ಕಾಣುತ್ತವೆ. ಡಿಸೆಂಬರ್, ಜನವರಿಯಲ್ಲಿ ಹವೆ ಹಿತ, ಆದರೆ ಹುಲ್ಲು ಒಣಗುತ್ತದೆ. ಮಾರ್ಚ್‌ನಿಂದ ಮಬ್ಬು, ಧೂಳು. ಮೇ ತಿಂಗಳಿಗೆ ಒಂದು ಗುಣವಿದೆ: ಜಾಂಬೋಟಿ ದಾರಿಯಲ್ಲಿ ಕವಳಿ ಹಣ್ಣು, ನೇರಳೆ ಹಣ್ಣು ಸಿಗುವ ಕಾಲ ಅದು.

ಜುಲೈ, ಆಗಸ್ಟಿನಲ್ಲಿ ಜಲಪಾತ ನೋಡಬೇಕೆಂಬ ಆಸೆ ಸಹಜ. ಚೋರ್ಲಾದಲ್ಲಿ ಆಗ ಬಹಳ ಸಲ ಕಾಣುವುದು ಬಿಳಿ ಮೋಡ, ಒದ್ದೆ ಗಾಜು ಇಷ್ಟೇ. ಮಳೆಗಾಲಕ್ಕೆ ಅಂಬೋಲಿ ವಾಸಿ, ಏಕೆಂದರೆ ಅಲ್ಲಿಯ ದೊಡ್ಡ ಜಲಪಾತ ರಸ್ತೆಯ ಪಕ್ಕದಲ್ಲೇ ಬೀಳುತ್ತದೆ, ಮಂಜಿದ್ದರೂ ಕಾಣುತ್ತದೆ. ಶನಿವಾರ, ಭಾನುವಾರ ಮಾತ್ರ ಬೇಡ. ಗಾಡಿಗಳು ಸಾಲುಗಟ್ಟಿ ಬಸ್ಸು ತಾಸುಗಟ್ಟಲೆ ನಿಲ್ಲುತ್ತದೆ.

ಮಳೆಗಾಲದಲ್ಲಿ ರಸ್ತೆ ಬಂದ್ ಆಗುತ್ತದೆಯೇ?

ಆಗುತ್ತದೆ, ಮೂರು ಕಾರಣಕ್ಕೆ. ಒಂದು, ಮರ ಬೀಳುವುದು. ರಸ್ತೆಗಾಗಿ ಗುಡ್ಡ ಕಡಿದ ಅಂಚಿನಲ್ಲಿ ಬೇರಿಗೆ ಹಿಡಿತ ಕಡಿಮೆ. ಗಾಳಿಮಳೆ ಎರಡು ದಿನ ಹೊಡೆದರೆ ಮರ ಅಡ್ಡ ಬೀಳುತ್ತದೆ. ಅದನ್ನು ಕಡಿದು ಸರಿಸಲು ಕೆಲವು ತಾಸು ಸಾಕು. ಎರಡು, ಮೇಲಿನ ಗುಡ್ಡ ಜರಿಯುವುದು. ಜಂಬಿಟ್ಟಿಗೆ ಮಣ್ಣು ನೀರು ಕುಡಿದು ಭಾರವಾಗಿ ಕೆಳಗಿನ ಬಂಡೆಯ ಮೇಲಿಂದ ಜಾರುತ್ತದೆ. ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು: ಕಣಿವೆಯ ಕಡೆಯ ರಸ್ತೆಯ ಅಂಚೇ ಕುಸಿಯುವುದು. ಇದರ ರಿಪೇರಿಗೆ ವಾರಗಟ್ಟಲೆ ಬೇಕು.

ಭಾರೀ ವಾಹನಗಳನ್ನು ಜಿಲ್ಲಾಡಳಿತ ಕೆಲವು ಮಳೆಗಾಲ ತಡೆಯುತ್ತದೆ. ಬಸ್ಸಿಗೆ ಬಿಡುಗಡೆ ಇದೆಯೋ ಇಲ್ಲವೋ ಎಂಬುದು ಆಯಾ ಆದೇಶದ ಮೇಲೆ. ಹೊರಡುವ ಹಿಂದಿನ ಸಂಜೆ ನಿಲ್ದಾಣದ ವಿಚಾರಣೆ ಕೌಂಟರಿನಲ್ಲಿ 'ನಾಳೆ ಚೋರ್ಲಾ ಗಾಡಿ ಅದೇನ್ರಿ?' ಎಂದು ಕೇಳಿಬಿಡಿ. ಮೊಬೈಲ್ ಆ್ಯಪಿನಲ್ಲಿ ಬಸ್ಸು ಕಾಣುತ್ತಿದೆ ಎಂದ ಮಾತ್ರಕ್ಕೆ ರಸ್ತೆ ತೆರೆದಿದೆ ಎಂದಲ್ಲ.

ಎಡಕ್ಕೆ ಕೂರಬೇಕೋ, ಬಲಕ್ಕೋ?

ಇಳಿಜಾರಿನಲ್ಲಿ ತಿರುವು ತಿರುವಿಗೂ ಕಣಿವೆ ಬದಿ ಬದಲಿಸುತ್ತದೆ, ಆದ್ದರಿಂದ ಇಬ್ಬರಿಗೂ ಪಾಲು ಬರುತ್ತದೆ. ಬಿಸಿಲು ನೋಡಿ ಆರಿಸಿ. ಬೆಳಗಾವಿಯಿಂದ ಚೋರ್ಲಾಕ್ಕೆ ರಸ್ತೆ ನೈಋತ್ಯ ದಿಕ್ಕಿಗೆ ಹೋಗುತ್ತದೆ. ಬೆಳಗಿನ ಸೂರ್ಯ ಎಡಕಿಟಕಿಗೆ ಹೊಡೆಯುತ್ತಾನೆ. ಬಲಬದಿಯಲ್ಲಿ ಕೂತರೆ ನೆರಳೂ ಉಂಟು, ಬೆಳಕು ಬೆನ್ನಿಗಿದ್ದು ಗುಡ್ಡಗಳು ಸ್ಪಷ್ಟವಾಗಿ ಕಾಣುವುದೂ ಉಂಟು. ಸಂಜೆ ಮರಳುವಾಗ ಸೂರ್ಯ ಬೆನ್ನ ಹಿಂದೆ, ಯಾವ ಬದಿಯಾದರೂ ನಡೆದೀತು.

ಸಾಲು ಯಾವುದು ಎಂಬುದೇ ಹೆಚ್ಚು ಮುಖ್ಯ. ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವಿನ ಸೀಟುಗಳು ಕಡಿಮೆ ಕುಲುಕುತ್ತವೆ. ಹಿಂಗಾಲಿಯ ಹಿಂದಿನ ಸೀಟುಗಳಲ್ಲಿ ಬಸ್ಸಿನ ಬಾಲ ಪ್ರತಿ ತಿರುವಿಗೂ ಹೊರಕ್ಕೆ ಬೀಸುತ್ತದೆ, ಗುಂಡಿ ಬಂದರೆ ಕೂತವರನ್ನು ಎತ್ತಿ ಒಗೆಯುತ್ತದೆ. ಗಾಲಿಯ ಮೇಲಿನ ಸೀಟಿನಲ್ಲಿ ಕಾಲು ಚಾಚಲು ಜಾಗವಿಲ್ಲ. ಕಿಟಕಿಗೆ ಅಡ್ಡವಾಗಿ ಕಂಬಿ ಇದೆಯೇ ಎಂದೂ ನೋಡಿಕೊಂಡು ಕೂರಿ.

ಘಟ್ಟದಲ್ಲಿ ಹೊಟ್ಟೆ ತೊಳಸುತ್ತದೆ. ಏನು ಮಾಡಬೇಕು?

ಕಿವಿಯೊಳಗಿನ ಸಮತೋಲದ ಅಂಗ 'ತಿರುಗುತ್ತಿದ್ದೇವೆ' ಎನ್ನುತ್ತದೆ. ಮೊಬೈಲ್ ನೋಡುತ್ತಿರುವ ಕಣ್ಣು 'ಸುಮ್ಮನೆ ಕೂತಿದ್ದೇವೆ' ಎನ್ನುತ್ತದೆ. ಈ ತಕರಾರಿನಿಂದಲೇ ವಾಂತಿ. ಹಾಗಾಗಿ ಮೊದಲ ಮದ್ದು ಕಣ್ಣಿಗೆ ದೂರದ ನೋಟ ಕೊಡುವುದು. ಪಕ್ಕದಲ್ಲಿ ಓಡುವ ಮರಗಳನ್ನು ದಿಟ್ಟಿಸಬೇಡಿ. ಮುಂದಿನ ಗಾಜಿನಿಂದ ಕಾಣುವ ರಸ್ತೆ ಅಥವಾ ದೂರದ ಗುಡ್ಡದ ಮೇಲೆ ಕಣ್ಣಿಡಿ. ತಲೆಯನ್ನು ಸೀಟಿಗೆ ಆನಿಸಿ. ಕಿಟಕಿ ನಾಲ್ಕು ಬೆರಳಷ್ಟು ತೆರೆಯಿರಿ.

ಖಾಲಿ ಹೊಟ್ಟೆಯೂ ಬೇಡ, ಪೂರಿ-ಭಾಜಿ, ಮಿರ್ಚಿ ಭಜಿಯೂ ಬೇಡ. ಹೊರಡುವ ಒಂದು ತಾಸು ಮೊದಲು ಎರಡು ಇಡ್ಲಿ ಅಥವಾ ಸ್ವಲ್ಪ ಅವಲಕ್ಕಿ ಸಾಕು. ದಾರಿಯಲ್ಲಿ ಶುಂಠಿ ಚೂರು, ನಿಂಬೆಹಣ್ಣು ಕೈಯಲ್ಲಿರಲಿ.

ಮಾತ್ರೆ ತೆಗೆದುಕೊಳ್ಳುವವರು ಹೊತ್ತು ತಪ್ಪುತ್ತಾರೆ. ಪ್ರೊಮೆಥಾಜಿನ್ ಗುಂಪಿನ ಮಾತ್ರೆ ಕೆಲಸ ಮಾಡಲು ಸಮಯ ಬೇಕು. ಬಸ್ಸು ಹತ್ತುವ ಒಂದೆರಡು ತಾಸು ಮೊದಲೇ ನುಂಗಬೇಕು. ಕಣಕುಂಬಿಯಲ್ಲಿ ಹೊಟ್ಟೆ ತಿರುವಿದಾಗ ನುಂಗಿದ ಮಾತ್ರೆ ಹೊರಗೇ ಬರುತ್ತದೆ. ಅದು ನಿದ್ದೆ ತರಿಸುತ್ತದೆ, ಮುಂದೆ ಗಾಡಿ ಓಡಿಸುವವರು ತೆಗೆದುಕೊಳ್ಳಬಾರದು. ಎರಡು ವರ್ಷದೊಳಗಿನ ಮಕ್ಕಳಿಗೆ ಕೊಡಲೇಬಾರದು. ದೊಡ್ಡ ಮಕ್ಕಳಿಗೆ, ಬಸುರಿಯರಿಗೆ ವೈದ್ಯರನ್ನು ಕೇಳದೆ ಬೇಡ. ಪ್ಲಾಸ್ಟಿಕ್ ಚೀಲ ಎರಡು ಕೈಗೆ ಸಿಗುವಂತಿರಲಿ. ಕಿಟಕಿಯಿಂದ ತಲೆ ಹೊರಹಾಕಿ ವಾಂತಿ ಮಾಡುವುದು ಘಟ್ಟದಲ್ಲಿ ಜೀವಕ್ಕೆ ಅಪಾಯ, ಎದುರಿನ ಲಾರಿ ಗೇಣಿನ ಅಂತರದಲ್ಲಿ ಹಾಯುತ್ತದೆ.

ಇಳಿಯುವಾಗ ಸುಟ್ಟ ವಾಸನೆ ಬರುತ್ತದೆ, ಗಾಡಿ ಗರ್‌ ಎನ್ನುತ್ತದೆ. ಹೆದರಬೇಕೇ?

ಎಂಜಿನ್ನಿನ ಆ ಸದ್ದು ಒಳ್ಳೆಯ ಲಕ್ಷಣ. ಡ್ರೈವರ್ ಕೆಳಗಿನ ಗೇರಿನಲ್ಲಿಟ್ಟು ಎಂಜಿನ್ನಿನಿಂದಲೇ ವೇಗ ಹಿಡಿಯುತ್ತಿದ್ದಾನೆ ಎಂದರ್ಥ. ಬರೀ ಬ್ರೇಕ್ ಒತ್ತುತ್ತಾ ಇಳಿದರೆ ಲೈನರ್ ಕಾದು ಹಿಡಿತ ಸಡಿಲಾಗುತ್ತದೆ. ಸ್ವಲ್ಪ ವಾಸನೆ ಮಾಮೂಲು, ಎಷ್ಟೋ ಸಲ ಅದು ಮುಂದಿನ ಲಾರಿಯದ್ದು. ಬಸ್ಸಿನೊಳಗೇ ಹೊಗೆ ಕಂಡರೆ ಕಂಡಕ್ಟರಿಗೆ ಹೇಳಿ. ಕಿರಿದಾದ ಜಾಗದಲ್ಲಿ ಇಳಿಯುವ ಗಾಡಿ ನಿಂತು ಏರುವ ಗಾಡಿಗೆ ದಾರಿ ಬಿಡಬೇಕು. ನಮ್ಮ ಬಸ್ಸು ಸುಮ್ಮನೆ ನಿಂತಿತೆಂದು ಗದ್ದಲ ಮಾಡುವುದು ಬೇಡ.

ಅನಮೋಡ ದಾರಿಯಲ್ಲಿ ದೂಧಸಾಗರ ಕಾಣುತ್ತದೆಯೇ?

ಬಸ್ಸಿನಿಂದ ಕಾಣುವುದಿಲ್ಲ. ಜಲಪಾತದ ಎದುರಿಗೇ ಹಾಯುವುದು ಕ್ಯಾಸಲ್‌ರಾಕ್-ಕುಳೆ ನಡುವಿನ ರೈಲುಮಾರ್ಗ. ಅನಮೋಡ ಬಸ್ಸಿನಲ್ಲಿ ಹೋಗುವವರು ಮೊಲೆಮ್‌ನಲ್ಲಿ ಇಳಿದು ಕುಳೆಗೆ ಹೋಗಿ, ಅಲ್ಲಿಂದ ಅರಣ್ಯದೊಳಗೆ ಬಿಡುವ ಜೀಪು ಹಿಡಿಯಬೇಕು. ಮಳೆ ಜೋರಿದ್ದಾಗ ಹಳ್ಳ ತುಂಬಿ ಜೀಪು ನಿಲ್ಲಿಸುತ್ತಾರೆ. ಅನಮೋಡದ ನಿಜವಾದ ಸಂಪತ್ತು ಮೊಲೆಮ್ ರಾಷ್ಟ್ರೀಯ ಉದ್ಯಾನದ ಕಾಡು, ಘಟ್ಟದುದ್ದಕ್ಕೂ ಅದೇ.

ನಡುವೆ ಎಲ್ಲಿ ಇಳಿಯಬಹುದು?

ಕಣಕುಂಬಿಯಲ್ಲಿ. ಅಲ್ಲಿ ಮಾವುಲಿ ದೇವಸ್ಥಾನವಿದೆ. ಮಲಪ್ರಭೆಯ ಉಗಮ ಅಲ್ಲೇ. ಸಾಖಳಿಯಲ್ಲಿ ಇಳಿದರೆ ಎರಡು-ಮೂರು ಕಿ.ಮೀ. ದೂರದಲ್ಲಿ ಹರವಳೆ ಜಲಪಾತ, ಪಕ್ಕದಲ್ಲಿ ರುದ್ರೇಶ್ವರ ದೇವಸ್ಥಾನ, ರಿಕ್ಷಾ ಸಿಗುತ್ತದೆ. ಅಂಬೋಲಿ ಊರಿನಲ್ಲಿ ಇಳಿದರೆ ಹಿರಣ್ಯಕೇಶಿಯ ಉಗಮಕ್ಕೆ ಹೋಗಬಹುದು. ಮಳೆಗಾಲದಲ್ಲಿ ಹುಲ್ಲಿಗೆ ಕಾಲಿಟ್ಟರೆ ಜಿಗಣಿ ಹತ್ತುತ್ತವೆ, ಸ್ವಲ್ಪ ಉಪ್ಪು ಕಟ್ಟಿಕೊಳ್ಳಿ. ಚೋರ್ಲಾದ ತಿರುವುಗಳಲ್ಲಿ 'ಇಲ್ಲೇ ನಿಲ್ಲಿಸ್ರಿ' ಎಂದರೆ ನಿಲ್ಲಿಸುವುದಿಲ್ಲ, ನಿಲ್ಲಿಸಲೂಬಾರದು.

ಇಳಿಯುವ ಮೊದಲು ಮುಂದಿನ ಬಸ್ಸಿನ ಹೊತ್ತನ್ನು ಕಂಡಕ್ಟರಿಂದ ತಿಳಿದುಕೊಳ್ಳಿ.

ಊಟ, ಶೌಚಾಲಯ, ನೆಟ್‌ವರ್ಕ್?

ಬೆಳಗಾವಿ ನಿಲ್ದಾಣದಲ್ಲೇ ಎಲ್ಲ ಮುಗಿಸಿಕೊಳ್ಳಿ. ಜಾಂಬೋಟಿಯಲ್ಲಿ ಚಹಾ, ನಾಷ್ಟಾ ಸಿಗುತ್ತದೆ, ಆದರೆ ಎಲ್ಲ ಬಸ್ಸುಗಳೂ ಅಲ್ಲಿ ತಡೆಯುವುದಿಲ್ಲ. ಅಲ್ಲಿಂದ ಸಾಖಳಿಯ ತನಕ ಭರವಸೆಯ ಶೌಚಾಲಯ ಇಲ್ಲವೆಂದೇ ತಿಳಿಯಿರಿ. ಸಕ್ಕರೆ ಕಾಯಿಲೆಯವರು, ವಯಸ್ಸಾದವರು ಇದನ್ನು ಲೆಕ್ಕ ಹಾಕಿ ನೀರು ಕುಡಿಯಬೇಕು. ರೊಟ್ಟಿ, ಶೇಂಗಾ ಚಟ್ನಿ, ಬಾಳೆಹಣ್ಣು ಕಟ್ಟಿಕೊಂಡರೆ ನಿಶ್ಚಿಂತೆ.

ಜಾಂಬೋಟಿಯ ಆಚೆ ಫೋನ್ ಸಿಗ್ನಲ್ ಬಂದು ಬಂದು ಹೋಗುತ್ತದೆ. ಟಿಕೆಟಿನ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ಚಿಲ್ಲರೆ ಹಣ ಇರಲಿ. ಫೋನ್‌ಪೇ ಮಾಡುತ್ತೇನೆಂದು ಕಾಡಿನ ನಡುವೆ ಟಿಕೆಟ್ ಕೇಳಿದರೆ ಕಂಡಕ್ಟರಿಗೂ ಕಷ್ಟ.

ಮರಳುವಾಗ ಚೆಕ್‌ಪೋಸ್ಟಿನಲ್ಲಿ ಏನು ನೋಡುತ್ತಾರೆ?

ಮದ್ಯ. ಗೋವಾದ ಬಾಟಲಿಯನ್ನು ಪರವಾನಿಗೆ ಇಲ್ಲದೆ ಕರ್ನಾಟಕಕ್ಕೆ ತರುವುದು ಅಪರಾಧ. ಕಣಕುಂಬಿ, ಅನಮೋಡ ಎರಡೂ ಕಡೆ ಅಬಕಾರಿ ಚೆಕ್‌ಪೋಸ್ಟ್ ಇದೆ. ಬಸ್ಸು ಹತ್ತಿ ಚೀಲ ತೆಗೆಸುತ್ತಾರೆ. ಒಬ್ಬನ ಚೀಲದಲ್ಲಿ ಸಿಕ್ಕರೆ ಇಡೀ ಬಸ್ಸು ಕಾಯಬೇಕಾಗುತ್ತದೆ. ಯಾರದೋ ಚೀಲವನ್ನು 'ಸ್ವಲ್ಪ ನೋಡ್ಕೊಳ್ರಿ' ಎಂದರೂ ನಿಮ್ಮ ಕಾಲ ಬಳಿ ಇಟ್ಟುಕೊಳ್ಳಬೇಡಿ. ಗೋಡಂಬಿ, ಕೋಕಂ, ಒಣಮೀನಿಗೆ ತಕರಾರಿಲ್ಲ. ಒಣಮೀನನ್ನು ಎರಡು ಪದರ ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಕಟ್ಟಿಸಿ.

ಮಂಗಗಳಿಗೆ ಏನಾದರೂ ಕೊಡಬಹುದೇ?

ಕೊಡಬೇಡಿ. ಕಿಟಕಿಯಿಂದ ಎಸೆದ ಬಿಸ್ಕತ್ತಿಗೆ ಮಂಗ ರಸ್ತೆಗೆ ಬರುತ್ತದೆ, ಹಿಂದಿನ ಗಾಡಿಗೆ ಸಿಕ್ಕು ಸಾಯುತ್ತದೆ. ಮರಿಗಳು ರಸ್ತೆಬದಿಯನ್ನೇ ಮನೆ ಮಾಡಿಕೊಳ್ಳುತ್ತವೆ. ಚಿಪ್ಸ್ ಪೊಟ್ಟಣ, ನೀರಿನ ಬಾಟಲಿ ಒಗೆಯುವುದೂ ಬೇಡ. ಜಾಂಬೋಟಿ-ಕಣಕುಂಬಿ ನಡುವೆ ಒಗೆದದ್ದು ಮೊದಲ ಮಳೆಗೆ ಹಳ್ಳ ಸೇರಿ ಮಲಪ್ರಭೆಗೇ ಹೋಗುತ್ತದೆ.

ಮರಳುವ ಬಸ್ಸು ಎಷ್ಟು ಹೊತ್ತಿಗೆ ಹಿಡಿಯಬೇಕು?

ಅದೇ ದಿನ ಮರಳುವುದಿದ್ದರೆ ಪಣಜಿಯಿಂದ ಮಧ್ಯಾಹ್ನ ಎರಡರೊಳಗೆ, ಸಾಖಳಿಯಿಂದ ಮೂರೂವರೆಯೊಳಗೆ. ಏರುವಾಗ ಬಸ್ಸು ನಿಧಾನ, ನೋಡಲು ಹೊತ್ತು ಹೆಚ್ಚು ಸಿಗುತ್ತದೆ. ಚೋರ್ಲಾ ತುದಿಗೆ ಬೆಳಕಿರುವಾಗಲೇ ಬರಬೇಕು. ಬೆಳಗಾವಿಯಿಂದ ಬಾಗಲಕೋಟೆ, ವಿಜಯಪುರಕ್ಕೆ ರಾತ್ರಿ ಬಸ್ಸು ಹಿಡಿಯುವವರು ನಡುವೆ ಕನಿಷ್ಠ ಒಂದೂವರೆ ತಾಸು ಬಿಟ್ಟು ಟಿಕೆಟ್ ಬುಕ್ ಮಾಡಿ. ಚೆಕ್‌ಪೋಸ್ಟಿನಲ್ಲಿ ಅರ್ಧ ತಾಸು, ಪಿರನವಾಡಿಯಿಂದ ಊರೊಳಗೆ ಬರಲು ಸಂಜೆಯ ಗದ್ದಲದಲ್ಲಿ ಇನ್ನರ್ಧ ತಾಸು ಹೋಗಿಬಿಡಬಹುದು.